ಓದಿ ಹೇಳುವವರು

ಕ್ವಿಯರ್, ಅಂದರೆ ಲೈಂಗಿಕ ಅಲ್ಪಸಂಖ್ಯಾತರ, ಸಾಹಿತ್ಯದ ಓದು ಎಂದರೆ ಬೆಂಗಳೂರಿನ ಪುಸ್ತಕದಂಗಡಿ ಕಣ್ಮುಂದೆ ಬರುತ್ತದೆ. ಅದು ರಾಯಚೂರು ಸೀಮೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗೂ ಬರಬೇಕಾದರೆ ಮೊದಲು ಬೇಕಾದದ್ದು ಸಭಾಂಗಣವಲ್ಲ, ಗಟ್ಟಿಯಾಗಿ ಓದಿ ಹೇಳುವವರು. ಅವರು ಈ ಸೀಮೆಗೆ ಹೊಸಬರೇನಲ್ಲ. ಯಲ್ಲಮ್ಮ ದೇವಿಗೆ ಮುಡಿಪಾದ ಜೋಗತಿಯರು, ಅವರಲ್ಲಿ ಹಲವರು ಟ್ರಾನ್ಸ್ ಮಹಿಳೆಯರು, ಚೌಡಿಕೆ ವಾದ್ಯ ಹಿಡಿದು ಅವಳ ಕಥೆ ಹಾಡಿದಾಗ ಅಕ್ಷರ ಬಾರದವರು, ಕಣ್ಣು ಕಾಣದವರು, ಕೂಸು ಎತ್ತಿಕೊಂಡವರು ಒಟ್ಟಿಗೆ ನೆಲದ ಮೇಲೆ ಕೂತು ಕೇಳುತ್ತಾರೆ. 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಬೆಳೆದದ್ದು ಇಂಥ ಮೇಳದಲ್ಲೇ. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ್ದು: ಬಾಯಿಂದಲೇ ಪುಸ್ತಕಕ್ಕೆ ಬಂದದ್ದು.

ಊರು ಜೋಗತಿಯರನ್ನು ಒಪ್ಪಿದ್ದು ದೇವಿಯ ಹೆಸರಿನಲ್ಲಿ ಮಾತ್ರ, ಅದರಲ್ಲಿ ಬಡತನವೂ ಬಲವಂತವೂ ಇತ್ತು ಎನ್ನುವ ಆಕ್ಷೇಪ ನಿಜ. ಅದಕ್ಕೇ ಸಂಡೂರಿನ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ಯನ್ನೂ (2013) ಜೊತೆಗೆ ಓದಬೇಕು, ಅದರ ಸಲಿಂಗಿ ನಾಯಕನಿಗೆ ಯಾವ ದೇವಿಯ ಆಸರೆಯೂ ಇಲ್ಲ. ಸಣ್ಣ ಊರಲ್ಲಿ ಇಂಥ ಕಥೆ ಕೇಳಲು ನಾಲ್ಕು ಜನರೆದುರು ಬಂದು ಕೂರುವವರು ಯಾರು ಎಂದರೆ, ಬರಲೇಬೇಕಿಲ್ಲ. ಲೇಖಕರ ಒಪ್ಪಿಗೆ ಪಡೆದು ಓದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿದರೆ, ಭತ್ತದ ಗದ್ದೆಯ ಬದುವಿನಲ್ಲೂ ಇಯರ್‌ಫೋನ್ ಹಾಕಿ ಕೇಳಬಹುದು. ಆದರೆ ಓದುವ ಜೋಗತಿಗೆ ಶಾಲು, ಹಾರ ಸಾಲದು. ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ, ಬಸ್ಸಿನ ಖರ್ಚು ಕೊಡಬೇಕು.