ಅಬ್ಬಾರ ನಿದ್ದೆ, ಅಮ್ಮಿಯ ಎಚ್ಚರ

ನಿಮ್ಮ ಮನೆಯ ಹಿರಿಯರು ಯಾರಾದರೂ ನಿದ್ದೆಯಲ್ಲಿ ಕೂಗಾಡುತ್ತಾರೆಯೇ? ಕೈಕಾಲು ಬೀಸುತ್ತಾರೆಯೇ? ಹೌದಾದರೆ ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನನ್ನ ತವರು ವಳ್ಳೂರು. 2008ರ ಸುಮಾರಿಗೆ ಅಬ್ಬಾ ರಾತ್ರಿ ಹೊತ್ತು ಅರಚತೊಡಗಿದರು. ಕನಸಿನಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತಿತ್ತಂತೆ, ಅದನ್ನು ಒದೆಯುತ್ತಿದ್ದರಂತೆ. ಒದೆ ಬೀಳುತ್ತಿದ್ದುದು ಅಮ್ಮಿಗೆ. ಒಂದು ಸಲ ಅಮ್ಮಿಯ ಕಣ್ಣಿನ ಕೆಳಗೆ ನೀಲಿಗಟ್ಟಿದ್ದನ್ನು ಕಂಡು ಕೇಳಿದೆ. "ಬಾಗಿಲು ತಾಗಿತು ಬೇಟಿ" ಎಂದರು. ಹಗಲಲ್ಲಿ ಒಂದು ಮಾತೂ ಜೋರಾಗಿ ಆಡದ ಗಂಡ ರಾತ್ರಿ ಹೊಡೆಯುತ್ತಾರೆಂದು ಯಾರ ಬಳಿ ಹೇಳಿಯಾರು?

ಗೊತ್ತಾದ ಮೇಲೆ ನಾನು ಮಾಡಿದ್ದೇನು? ಮದ್ರಸದಲ್ಲಿ ಓದಿದವಳು, ಮೇಲೆ ಬಿ.ಎ. ಬೇರೆ. ಕುರ್‌ಆನಿನ ಕೊನೆಯ ಎರಡು ಸೂರಾಗಳನ್ನು ಓದಿ ಊದಿದೆ. ಅದನ್ನು ಇಂದಿಗೂ ಮಾಡುತ್ತೇನೆ. ಆದರೆ ನೆರೆಯವರು 'ಆಸೇಬ್' ಎಂದಾಗ ಒಬ್ಬ ಆಮಿಲರ ಬಳಿಗೆ ಕರೆದೊಯ್ಯಲು ಒಪ್ಪಿದವಳೂ ನಾನೇ. ತಾವೀಜು ಬಂತು, ಹಣ ಹೋಯಿತು. ಡಾಕ್ಟರಿಗೆ ತೋರಿಸಬೇಕೆಂದು ಹೊಳೆಯಲೇ ಇಲ್ಲ.

ಐದು ವರ್ಷಗಳ ನಂತರ ಅಬ್ಬಾರ ಬಲಗೈ ನಡುಗತೊಡಗಿತು. ತಸ್ಬೀಹ್ ಮಣಿಗಳು ತಾವಾಗಿಯೇ ಸದ್ದು ಮಾಡುತ್ತಿದ್ದವು. ಮೈ ಬಿಗಿಯಿತು, ಹೆಜ್ಜೆ ಗಿಡ್ಡವಾಯಿತು. ನಮ್ಮ ಪಾವಗಡ, ಮಧುಗಿರಿ, ಸಿರಾ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಸೊಂಟ ಬಾಗಿದರೆ "ನೀರಿನ ದೋಷ" ಅಂದುಬಿಡುತ್ತಾರೆ. ನಾವೂ ಹಾಗೆಯೇ ಅಂದುಕೊಂಡು ಮತ್ತೊಂದು ವರ್ಷ ಕಳೆದೆವು.

ಕೊನೆಗೆ ಬೆಂಗಳೂರಿನಲ್ಲಿ ನರರೋಗ ತಜ್ಞರಿಗೆ ತೋರಿಸಿದೆವು. ಅವರು ಅಬ್ಬಾರ ಕೈ ನೋಡಿದ ಮೇಲೆ ಅಮ್ಮಿಯ ಕಡೆ ತಿರುಗಿ, "ಇವರು ನಿದ್ದೆಯಲ್ಲಿ ಒದೆಯುತ್ತಾರಾ ಅಮ್ಮಾ?" ಎಂದು ಕೇಳಿದರು. ಅಮ್ಮಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಅದು ಪಾರ್ಕಿನ್ಸನ್ ಕಾಯಿಲೆ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿ ಬರೆದಾಗಲೇ ರೋಗಿಯ ನಿದ್ದೆ ಕೆಡುವುದನ್ನೂ ಗುರುತಿಸಿದ್ದರು. ನಾವು ಕನಸು ಕಾಣುವಾಗ ಕೈಕಾಲು ಅಲುಗದಂತೆ ಮೆದುಳು ಸ್ನಾಯುಗಳನ್ನು ಸಡಿಲಬಿಟ್ಟಿರುತ್ತದೆ. ಆ ತಡೆ ಹೋದರೆ ಕನಸಿನಲ್ಲಿ ಮಾಡಿದ್ದನ್ನೆಲ್ಲ ಮೈಯೂ ಮಾಡುತ್ತದೆ. ಅಮೆರಿಕದ ವೈದ್ಯರು 1986ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದರು. ಇದು ಬಂದವರಲ್ಲಿ ಅನೇಕರಿಗೆ ಎಷ್ಟೋ ವರ್ಷಗಳ ನಂತರ ಪಾರ್ಕಿನ್ಸನ್ ಕಾಣಿಸಿಕೊಳ್ಳುತ್ತದೆ. ಆಸೇಬ್ ಎಂದು ನಾವು ಓಡಿಸಲು ಹೋದದ್ದು ಈ ಮುನ್ಸೂಚನೆಯನ್ನು!

ಮೆದುಳಿನಲ್ಲಿ ಡೋಪಮಿನ್ ಕಡಿಮೆಯಾಗುವುದರಿಂದ ಲೆವೊಡೋಪಾ ಮಾತ್ರೆ ಕೊಡುತ್ತಾರೆ. ಮೊದಲ ವರ್ಷಗಳಲ್ಲಿ ಅಬ್ಬಾಗೆ ಚೆನ್ನಾಗಿಯೇ ಹಿಡಿಯಿತು. ಆಮೇಲೆ ಒಂದು ಮಾತ್ರೆಯ ಬಲ ಎರಡು ಮೂರು ಗಂಟೆಗೆ ಇಳಿಯಿತು. ರಾತ್ರಿ ಮಗ್ಗುಲು ಬದಲಿಸಲೂ ಆಗದು, ಅಮ್ಮಿ ನಾಲ್ಕೈದು ಸಲ ಎದ್ದು ಹೊರಳಿಸಬೇಕು. ಫಜ್ರ್‌ನ ಹೊತ್ತಿಗೆ ಕಾಲ್ಬೆರಳು ಮಡಚಿಕೊಂಡು ನೋವು. (ರಮಝಾನಿನಲ್ಲಿ ಈ ಮಾತ್ರೆಯನ್ನು ನಾವಾಗಿಯೇ ಹಠಾತ್ತನೆ ನಿಲ್ಲಿಸುವುದು ಅಪಾಯ. ರೋಗಿಗೆ ವಿನಾಯಿತಿ ಇರುವುದನ್ನು ಅಬ್ಬಾಗೆ ಒಪ್ಪಿಸಲು ನನ್ನ ಮದ್ರಸದ ಓದು ಬೇಕಾಯಿತು.)

ಆಗ ವೈದ್ಯರು ಡೀಪ್ ಬ್ರೈನ್ ಸ್ಟಿಮ್ಯುಲೇಶನ್ ಬಗ್ಗೆ ಹೇಳಿದರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ವೈದ್ಯ ಬೆನಾಬಿದ್ ಮತ್ತು ಅವರ ಸಂಗಡಿಗರು 1987ರಲ್ಲಿ ಆರಂಭಿಸಿದ ವಿಧಾನವಿದು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ, ಮೆದುಳಿನ ಆಳದಲ್ಲಿರುವ ಅವರೆಕಾಳಿನಷ್ಟು ಜಾಗಕ್ಕೆ ತೆಳುವಾದ ತಂತಿ ಇಳಿಸುತ್ತಾರೆ. ಕೊರಳಿನ ಎಲುಬಿನ ಕೆಳಗೆ, ಚರ್ಮದೊಳಗೆ ಬ್ಯಾಟರಿ. ಅದು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 130 ಸಲ ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತದೆ. ಎಲ್ಲವೂ ಚರ್ಮದ ಒಳಗಿರುವುದರಿಂದ ಗಾಯ ಒಣಗಿದ ಮೇಲೆ ವುಝೂ, ಸ್ನಾನಕ್ಕೆ ತೊಂದರೆಯಿಲ್ಲ. ಅಮ್ಮಿ ಕೇಳಿದ ಮೊದಲ ಪ್ರಶ್ನೆಯೇ ಅದು.

ಖರ್ಚು ಲಕ್ಷಗಟ್ಟಲೆ. ಕಡಲೆಕಾಯಿ ಬೆಳೆಯುತ್ತಿದ್ದ ಹೊಲದ ಒಂದು ಭಾಗ ಮಾರಿದೆವು. ಅಣ್ಣನಿಗೆ ಅದು ಇಂದಿಗೂ ಪೂರ್ತಿ ಸಮ್ಮತವಿಲ್ಲ. "ವಾಸಿಯಾಗುವುದಿಲ್ಲವೆಂದು ಡಾಕ್ಟರೇ ಹೇಳುತ್ತಿದ್ದಾರಲ್ಲ?" ಎನ್ನುತ್ತಿದ್ದ. ಅವನ ಮಾತಿನಲ್ಲಿ ಸತ್ಯವಿತ್ತು. ಕಾಯಿಲೆ ಮುಂದುವರಿಯುತ್ತದೆ. ಮರೆವು, ಮಾತಿನ ತೊದಲು, ಆಯ ತಪ್ಪುವುದು ಇದರಿಂದ ಸರಿಹೋಗುವುದಿಲ್ಲ. ರಕ್ತಸ್ರಾವ, ಸೋಂಕಿನ ಭಯವೂ ಇದೆ. ಮಾತ್ರೆಗೆ ಮೈ ಚೆನ್ನಾಗಿ ಸ್ಪಂದಿಸುವವರಿಗೇ ಇದು ಹೊಂದುತ್ತದೆ.

2019ರಲ್ಲಿ ಆಪರೇಶನ್ ಆಯಿತು. ಅಬ್ಬಾ ಎಚ್ಚರವಾಗಿಯೇ ಇದ್ದರು. ವೈದ್ಯರು ಕೈ ಎತ್ತಲು ಹೇಳಿದರಂತೆ, ಮಿಡಿತ ಹರಿಸಿದೊಡನೆ ನಡುಕ ನಿಂತಿತಂತೆ. ಅಬ್ಬಾಗೆ ಬಾಕ್ಸರ್ ಮುಹಮ್ಮದ್ ಅಲಿ ಎಂದರೆ ಪ್ರಾಣ. 1984ರಲ್ಲಿ ಅವರಿಗೂ ಪಾರ್ಕಿನ್ಸನ್ ಎಂದು ತಿಳಿದಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಡುಗುವ ಕೈಯಿಂದಲೇ ಜ್ಯೋತಿ ಹೊತ್ತಿಸಿದ್ದರು. "ಅಲಿಗೂ ನಡುಗುತ್ತಿತ್ತು, ನನ್ನದು ನಿಂತಿತು ನೋಡು" ಎಂದು ವಾರ್ಡಿನಲ್ಲೆಲ್ಲ ಹೇಳಿಕೊಂಡರು.

ಕೆಲವು ವಾರಗಳ ನಂತರ ಮಿಡಿತವನ್ನು ಹೊಂದಿಸಿದ ಮೇಲೆ ಅಬ್ಬಾ ರಾತ್ರಿ ತಾವೇ ಮಗ್ಗುಲು ಬದಲಿಸತೊಡಗಿದರು. ಅಮ್ಮಿ ಎಷ್ಟೋ ವರ್ಷಗಳ ನಂತರ ಒಂದೇ ನಿದ್ದೆಯಲ್ಲಿ ಬೆಳಗು ಮಾಡಿದರು. ಎದ್ದವರೇ ಗಾಬರಿಯಾಗಿ, ಅಬ್ಬಾ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಮೂಗಿನ ಬಳಿ ಕೈ ಹಿಡಿದು ನೋಡಿದರಂತೆ.

ಕನಸಿನ ಕೂಗಾಟ ಮಾತ್ರ ನಿಲ್ಲಲಿಲ್ಲ. ಅದು ಈ ತಂತಿಗೆ ಬಗ್ಗುವುದು ಕಡಿಮೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಅದಕ್ಕೆ ಬೇರೆ ಮಾತ್ರೆಯಿದೆ, ಮಂಚ ತಗ್ಗಿಸಿದ್ದೇವೆ, ಪಕ್ಕದಲ್ಲಿದ್ದ ಗಾಜಿನ ಲೋಟ, ಮೇಜು ತೆಗೆದಿದ್ದೇವೆ. ಅಮ್ಮಿಯ ಮಂಚ ಎರಡು ಮಾರು ದೂರ.

ಹೋದ ವಾರ ತವರಿಗೆ ಹೋಗಿದ್ದೆ. ನಡುರಾತ್ರಿ ಅಬ್ಬಾರ ಕೂಗು ಕೇಳಿ ಬಾಗಿಲ ಬಳಿಗೆ ಓಡಿದೆ. ಕತ್ತಲೆಯಲ್ಲಿ ಅಮ್ಮಿ ತಮ್ಮ ಮಂಚದಿಂದಲೇ ಹೇಳುತ್ತಿದ್ದರು: "ನಾಯಿ ಹೋಯಿತು ಜೀ, ಮಲಗಿ."