ಹನ್ನೆರಡು ದೊಡ್ಡದೋ, ಹದಿನಾರು ದೊಡ್ಡದೋ?

ಇದೇನು ಒಂದನೇ ಕ್ಲಾಸಿನ ಪ್ರಶ್ನೆ ಅಂತ ನಗಬೇಡಿ. ಬಂದೂಕಿನ ಲೆಕ್ಕದಲ್ಲಿ ಹನ್ನೆರಡೇ ದೊಡ್ಡದು.

ನಮ್ಮ ಮನೆಯಲ್ಲಿ ಜೋಡಿನಳಿಗೆ ಬಂದೂಕ ಇದ್ದದ್ದು ಊರಿಗೆಲ್ಲ ಗೊತ್ತು. ಮುತ್ತಾತ ಕೊಂಡದ್ದು. ತಾತ ಬೆಳೆ ಕಾವಲಿಗೆ ಅಂತ ಲೈಸೆನ್ಸ್ ಇಟ್ಟುಕೊಂಡಿದ್ದರು. ರಾತ್ರಿ ರಾಗಿ ಹೊಲದ ಅಟ್ಟಣೆ ಮೇಲೆ ಕೂತರೆ ಒಂದು ಕಡೆ ಬನ್ನೇರುಘಟ್ಟದ ಕಾಡು, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಸಿಟಿಯ ದೀಪಗಳು. ಆನೆ ಬಂದರೆ ಆಕಾಶಕ್ಕೆ ಒಂದು ಈಡು ಹೊಡೆಯುತ್ತಿದ್ದರು, ಅಷ್ಟೆ. ಪ್ರಾಣಿಗೆ ಗುರಿ ಇಟ್ಟವರಲ್ಲ. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀದಿ ತಂದು ದೇವರ ಗೂಡಲ್ಲಿ ಇಡುತ್ತಿದ್ದರು.

ನಳಿಗೆ ಬಿಚ್ಚಿ ಅಡಿಭಾಗ ನೋಡಿದರೆ ಒಂದು ವಜ್ರಾಕಾರದ ಗುರುತು, ಅದರೊಳಗೆ 16 ಅಂತ ಅಂಕಿ, ಕೆಳಗೆ ಇಂಗ್ಲಿಷಿನ ಸಿ ಅಕ್ಷರ. ಇಂಗ್ಲೆಂಡಿನಲ್ಲಿ ಬಂದೂಕನ್ನು ಪರೀಕ್ಷೆ ಮಾಡಿದ ಮೇಲೆ ಒತ್ತುತ್ತಿದ್ದ ಮುದ್ರೆ ಇದು. 1887ರಿಂದ ಈ ವಜ್ರದ ಗುರುತು ಬಂತಂತೆ.

ಈಗ 16 ಅಂದರೆ ಏನು? ಇಂಚಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು, ಅಂದರೆ ಸುಮಾರು 453.6 ಗ್ರಾಂ ಸೀಸ ತಗೊಂಡು ಸಮನಾದ 16 ಗುಂಡು ಮಾಡಿ. ಅದರಲ್ಲಿ ಒಂದು ಗುಂಡು ಸರಿಯಾಗಿ ಕೂರುವಷ್ಟು ಅಗಲದ ನಳಿಗೆಯೇ 16 ಬೋರ್. ಹನ್ನೆರಡೇ ಗುಂಡು ಮಾಡಿದರೆ ಒಂದೊಂದೂ ದಪ್ಪ ಆಗುತ್ತದೆ, ನಳಿಗೆಯೂ ಅಗಲ ಬೇಕು. ನಮ್ಮ ಗಣಿತದ ಮೇಷ್ಟ್ರು ಗೋಳದ ಘನಫಲ ಕಲಿಸಿದ್ದಾರಲ್ಲ, ಅದನ್ನೇ ಹಾಕಿ ನೋಡಿದೆ. ಸೀಸದ ಸಾಂದ್ರತೆ 11.34. ಹನ್ನೆರಡರ ಗುಂಡು 37.8 ಗ್ರಾಂ, ವ್ಯಾಸ 18.5 ಮಿ.ಮೀ. ಹದಿನಾರರದು 16.8. ಇಪ್ಪತ್ತರದು 15.6. ಪುಸ್ತಕದಲ್ಲಿ ಕೊಟ್ಟಿರುವ ಅಳತೆಯೂ ಇದೇ! ಘನಫಲದ ಪಾಠ ಯಾಕೆ ಬೇಕು ಅನ್ನುವವರು ಇದನ್ನು ಓದಲಿ. ಒಂದು 410 ಅನ್ನುವುದು ಮಾತ್ರ ಈ ಲೆಕ್ಕಕ್ಕೆ ಸೇರಲ್ಲ, ಅದು ನೇರವಾಗಿ ಇಂಚಿನ ಅಳತೆ.

ಪೀಣ್ಯದಲ್ಲಿ ಟರ್ನರ್ ಆಗಿರುವ ನಮ್ಮ ಸೋದರಮಾವ ಇದಕ್ಕೆ ಆಶ್ಚರ್ಯಪಡಲಿಲ್ಲ. "ನಮ್ಮ ತಗಡೂ ಹಂಗೇ ಕಣೋ, 16 ಗೇಜು ದಪ್ಪ, 20 ಗೇಜು ತೆಳ್ಳಗೆ" ಅಂದರು.

ತಾತ ಇದ್ದಾಗಲೇ ತೋಟಾ ತೊಂದರೆ ಶುರುವಾಗಿತ್ತು. ಅಂಗಡಿಗೆ ಹೋದರೆ "12ರದು ಐತೆ, 16ರದು ಇಲ್ಲ" ಅನ್ನೋರು. ಊರಲ್ಲಿ ಒಬ್ಬರು "ನಳಿಗೆ ಕೊರೆಸಿ 12 ಮಾಡಿಸಿಬಿಡಿ ಗೌಡ್ರೇ, ಪೀಣ್ಯದಲ್ಲಿ ಏನ್ ಬೇಕಾದ್ರೂ ಕೊರೀತಾರೆ" ಅಂದರು. ತಾತ ಮಾವನನ್ನು ಕರೆಸಿದರು.

ಮಾವ ವರ್ನಿಯರ್ ತಂದಿದ್ದರು. ನಳಿಗೆಯ ಬಾಯಿ ಅಳೀತಾರೆ ಅಂದುಕೊಂಡರೆ ಮೊದಲು ಅಳೆದದ್ದು ಫ್ರೇಮು. ಎರಡು ನಳಿಗೆಯ ಹಿಂಭಾಗ ಬಂದು ಕೂರುವ ಉಕ್ಕಿನ ಗಟ್ಟಿಯೇ ಫ್ರೇಮು. ಅದರ ಮುಖದಲ್ಲಿ ಎರಡು ಸಣ್ಣ ತೂತು. ಅಲ್ಲಿಂದ ಪಿನ್ನು ಬಂದು ತೋಟಾದ ಬೆನ್ನಿಗೆ ಬಡಿಯುತ್ತದೆ. ಈ ಎರಡು ಪಿನ್ನಿನ ನಡುವಿನ ದೂರವೇ ಫ್ರೇಮಿನ ಅಳತೆ. ಅಮೆರಿಕದ ಪಾರ್ಕರ್ ಕಂಪನಿಯವರು ಇದೇ ದೂರದ ಪ್ರಕಾರ ಫ್ರೇಮಿಗೆ ನಂಬರು ಕೊಟ್ಟು, ನಳಿಗೆಯ ಅಡಿಯಲ್ಲಿ ಒತ್ತುತ್ತಿದ್ದರು. ಅಲ್ಲಿ ಮಾತ್ರ ನಂಬರು ಏರಿದರೆ ಫ್ರೇಮು ದೊಡ್ಡದು. ತಲೆ ಕೆಡುತ್ತದೆ ಅಲ್ಲವಾ?

ತಾತನ ಬಂದೂಕಲ್ಲಿ ಆ ದೂರ 26 ಮಿ.ಮೀ. "ಇದು ಹದಿನಾರಕ್ಕೇ ಅಂತ ಮಾಡಿದ ಸಣ್ಣ ಫ್ರೇಮು. ಹನ್ನೆರಡಕ್ಕೆ ಕೊರೆದರೆ ಹಿಂಭಾಗದ ಗೋಡೆ ತೆಳ್ಳಗಾಗುತ್ತೆ. ಈಡು ಹೊಡೆದಾಗ ಸಿಡಿದರೆ ಕೈ ಹೋಗುತ್ತೆ" ಅಂದರು ಮಾವ. ಅಲ್ಲದೆ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದವರು ಬಂದೂಕನ್ನು ರಿಪೇರಿ ಮಾಡುವುದೂ ತಪ್ಪು, ಕೊರೆಯುವ ಮಾತು ದೂರ ಉಳೀತು.

ಫ್ರೇಮು ಚಿಕ್ಕದಿದ್ದರೆ ಬಂದೂಕ ಹಗುರ. ಅದಕ್ಕೆ ತಾತ ಎಪ್ಪತ್ತು ದಾಟಿದ ಮೇಲೂ ಅದನ್ನು ಹೊತ್ತು ಅಟ್ಟಣೆ ಹತ್ತುತ್ತಿದ್ದರು. ಆದರೆ ಹಗುರವಾದಷ್ಟೂ ಭುಜಕ್ಕೆ ಒದೆ ಜಾಸ್ತಿ. ಬಂದೂಕ ಅದು ಹಾರಿಸುವ ಚರೆಯ 96ರಷ್ಟು ತೂಗಬೇಕು ಅನ್ನುವುದು ಹಳೆಯ ಇಂಗ್ಲಿಷ್ ಲೆಕ್ಕ. 28 ಗ್ರಾಂ ಚರೆಗೆ ಸುಮಾರು 2.7 ಕೆ.ಜಿ. ಬಂದೂಕ, 32 ಗ್ರಾಂ ಚರೆಗೆ 3 ಕೆ.ಜಿ. ಮೇಲೆ.

ಅಳತೆ ತಪ್ಪಿದರೆ ಆಗುವ ಇನ್ನೊಂದು ಅನಾಹುತ ಹೇಳಿಬಿಡುತ್ತೇನೆ. 20ರ ತೋಟಾ 12ರ ನಳಿಗೆಯೊಳಗೆ ಜಾರಿ ಸ್ವಲ್ಪ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ನಳಿಗೆ ಖಾಲಿ ಅನ್ನಿಸುತ್ತದೆ. ಅದರ ಹಿಂದೆ 12ರದೊಂದು ತುಂಬಿ ಹೊಡೆದರೆ ನಳಿಗೆ ಸೀಳುತ್ತದೆ. ಅದಕ್ಕೇ ಈಗ 20ರ ತೋಟಾಕ್ಕೆ ಹಳದಿ ಬಣ್ಣ ಹಾಕುತ್ತಾರೆ.

ಕೊಡಗಿನ ಕಡೆಯಿಂದ ಬಂದ ನಮ್ಮ ಮೇಷ್ಟ್ರಿಗೆ ಈ ಕತೆ ಹೇಳಿದಾಗ ಅವರು ತಮ್ಮೂರಿನ ಕೈಲ್‌ಪೊಳ್ದ್ ಹಬ್ಬದ ಸುದ್ದಿ ಹೇಳಿದರು. ಆ ದಿನ ಕೋವಿ ತೊಳೆದು, ತೋಕ್ ಪೂ ಅನ್ನುವ ಹೂವು ಇಟ್ಟು ಪೂಜೆ ಮಾಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿಯಿಂದ ಬಂದದ್ದು ಇದು (ಕಬ್ಬನ್ ಪಾರ್ಕಿನ ಕಬ್ಬನ್ ಇವರೇ). 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ನಮಗೆ ಆ ವಿನಾಯಿತಿ ಇಲ್ಲ.

ತಾತ ಹೋದ ವರ್ಷ ತೀರಿಕೊಂಡರು. ಬಂದೂಕ ಈಗ ಠಾಣೆಯಲ್ಲಿದೆ. ಅಪ್ಪ ವಾರಸುದಾರರು ಅಂತ ಅರ್ಜಿ ಹಾಕಬೇಕು, ಇಲ್ಲವೇ ಬಿಟ್ಟುಕೊಡಬೇಕು. ಅಮ್ಮ ಬೇಡವೇ ಬೇಡ ಅನ್ನುತ್ತಾಳೆ. ಅಜ್ಜಿ ಏನೂ ಹೇಳುವುದಿಲ್ಲ, ರಸೀದಿಯನ್ನು ಮಾತ್ರ ಗೂಡಿನಿಂದ ತೆಗೆಯಲು ಬಿಡುವುದಿಲ್ಲ. ನನ್ನನ್ನು ಕೇಳಿದರೆ ಬಿಟ್ಟುಕೊಡೋಣ ಅನ್ನುತ್ತೇನೆ. ತೋಟಾ ಸಿಗದ ಬಂದೂಕಕ್ಕೆ ಯಾರಾದರೂ ಒಂದು ದಿನ ಏನಾದರೂ ತುಂಬಿ ನೋಡಿಯೇ ನೋಡುತ್ತಾರೆ. ಆದರೆ ಮನೆಯಲ್ಲಿ ನನ್ನನ್ನು ಯಾರೂ ಇನ್ನೂ ಕೇಳಿಲ್ಲ.

— 9ನೇ ತರಗತಿ