ಸಮಾಲೋಚಕಿಯ ಪಾಳಿ

ಶಿಷ್ಯೆಯೊಬ್ಬಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ; ಹೆಸರು ಕೇಳಬೇಡಿ. ಅವಳು ಆಪ್ತಸಮಾಲೋಚಕಿ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನೊಂದವರು ಅವಳಲ್ಲಿಗೆ ಬರುತ್ತಾರೆ. ಅವಳಿಗೂ ಖಿನ್ನತೆಯಿದೆ. ಧಾರವಾಡದ ಡಿಮ್ಹಾನ್ಸ್ ಹತ್ತಿರವಿದ್ದರೂ, ಅಲ್ಲಿಯ ಪಾಳಿಯಲ್ಲಿ ತನ್ನ ಬಳಿ ಬರುವವರೇ ಎದುರಾದಾರೆಂದು ಅಂಜಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುತ್ತಾಳೆ.

“ಗೊತ್ತಾದ್ರ ಜನ ನನ್ನ ಕಡೆ ಬರ್ತಾರೇನ್ರೀ ಸರ್?” ಎಂದಳು.

ಸಕ್ಕರೆ ರೋಗವಿರುವ ವೈದ್ಯರ ಬಳಿಗೆ ನಾವು ಸಂಕೋಚವಿಲ್ಲದೆ ಹೋಗುತ್ತೇವಲ್ಲವೇ! ಅಮೆರಿಕದ ಮಾರ್ಷಾ ಲೈನ್‌ಹನ್ ಅವರ ಸಂಗತಿ ಹೇಳಿದೆ. ಆತ್ಮಹತ್ಯೆಯ ಯೋಚನೆಯಿಂದ ಬಳಲುವವರಿಗಾಗಿ ಚಿಕಿತ್ಸಾ ಪದ್ಧತಿಯನ್ನೇ ರೂಪಿಸಿದ ಆ ಮನಃಶಾಸ್ತ್ರಜ್ಞೆ, ಹದಿಹರೆಯದಲ್ಲಿ ತಾವೂ ಮಾನಸಿಕ ಆಸ್ಪತ್ರೆಯಲ್ಲಿದ್ದುದನ್ನು 2011ರಲ್ಲಿ ಬಹಿರಂಗಪಡಿಸಿದರು. ಆಗ ಅವರಿಗೆ 68 ವರ್ಷ.

“ಅಂದ್ರ ಅಲ್ಲೀತನಕ ಅವರೂ ಮುಚ್ಚಿಟ್ಟಿದ್ರಲ್ರೀ!”

ಹೌದು, ಮುಚ್ಚಿಟ್ಟಿದ್ದರು. ಆದರೂ ಮುಂದಿನ ಸಲ ಧಾರವಾಡಕ್ಕೇ ಹೋಗೋಣವೆಂದು ಒಪ್ಪಿಸಿದ್ದೇನೆ. ಪಾಳಿಯಲ್ಲಿ ಜೊತೆಗೆ ನಾನೂ ಕೂರುವವನಿದ್ದೇನೆ.